ಲಕ್ಷದ ಸೈಕಲ್ಲು ಮತ್ತು ತೊಂಬತ್ತು ಸಾವಿರದ ಫಟಫಟಿ

ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೆ ಇತ್ತೀಚೆಗೆ ಒಂದು ಚರ್ಚೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಅಲ್ಲಿ ಮಾರುವ ಸೈಕಲ್ಲುಗಳ ಬೆಲೆ ಹೇಳುತ್ತಾರೆ. ಒಂದು ಲಕ್ಷ, ಎರಡು ಲಕ್ಷ. ಕೆಲವಂತೂ ಐದು ಲಕ್ಷವನ್ನೂ ದಾಟಿದವು. ಕೇಳಿದ ಹಿರಿಯರು ಮೊದಲು ನಗುತ್ತಾರೆ, ಆಮೇಲೆ ಬೈಯುತ್ತಾರೆ. "ಅಲ್ಲೋ ತಮ್ಮಾ, ಅಷ್ಟ ರೊಕ್ಕಕ್ಕ ಎಂಜಿನ್ ಇದ್ದ ಗಾಡಿ ಬರ್ತದ. ತುಳಿಯೂದಕ್ಕ ಯಾಕ ಲಕ್ಷ ಕೊಡಬೇಕು?" ಹುಡುಗರ ಬಳಿ ಇದಕ್ಕೆ ಸರಿಯಾದ ಉತ್ತರವಿರುವುದಿಲ್ಲ. "ನಿಮಗ ತಿಳಿಯೂದಿಲ್ಲ ಕಾಕಾ" ಎಂದು ಮೊಬೈಲು ನೋಡುತ್ತ ಕೂಡುತ್ತಾರೆ.

ಪ್ರಶ್ನೆ ಮಾತ್ರ ನ್ಯಾಯವಾದದ್ದು. ಹಗಲು ಶಾಲೆಯಲ್ಲಿ ಪಾಠ ಹೇಳಿ, ಬೆಳಗು ಬೈಗು ಹೊಲದ ಕೆಲಸ ನೋಡುವ ನಾವು ಈ ಲೆಕ್ಕವನ್ನು ಕರಿಹಲಗೆಯ ಮೇಲೆಯೂ ಹೊಲದ ಬದುವಿನ ಮೇಲೆಯೂ ಮಾಡಿ ನೋಡಿದ್ದೇವೆ. ಕಟ್ಟೆಯ ಹಿರಿಯರೂ ಪುಣೆಯ ಹುಡುಗರೂ ತೂಗಬಾರದ ಎರಡು ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದಾರೆಂದು ನಮ್ಮ ಮತ. ಯಾವುದನ್ನು ಯಾವುದರೊಡನೆ ತೂಗಬೇಕೆಂಬುದು ಗೊತ್ತಾಗದಿದ್ದರೆ ರೈತನ ಕಿಸೆಗೆ ನಷ್ಟ ತಪ್ಪದು. ಆದುದರಿಂದ ಈ ಮಾತನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

ಮೊದಲು ಹಿರಿಯರ ಪಕ್ಷವನ್ನೇ ಹಿಡಿದು ನೋಡೋಣ. ನಮ್ಮಲ್ಲಿ ಓಡಾಡುವ ನೂರು ಸಿಸಿಯ ಸಾಮಾನ್ಯ ಫಟಫಟಿಯ ತೂಕ ಸುಮಾರು 112 ಕಿಲೋ. ಅಂಗಡಿಯ ಬೆಲೆ ಎಪ್ಪತ್ತೈದು ಸಾವಿರದ ಆಸುಪಾಸು. ಕಿಲೋಕ್ಕೆ ಸುಮಾರು 670 ರೂಪಾಯಿ ಬಿದ್ದಂತಾಯಿತು. ಲಕ್ಷ ರೂಪಾಯಿಯ ಸೈಕಲ್ಲಿನ ತೂಕ ಒಂಬತ್ತು-ಹತ್ತು ಕಿಲೋ. ಅದಕ್ಕೆ ಕಿಲೋಕ್ಕೆ ಹತ್ತು ಸಾವಿರ! ಶಕ್ತಿಯ ಲೆಕ್ಕ ಹಿಡಿದರೂ ಹಾಗೆಯೇ. ಆ ಫಟಫಟಿಯ ಎಂಜಿನ್ನು ಸುಮಾರು ಎಂಟು ಅಶ್ವಶಕ್ತಿಯದು. ಆರೋಗ್ಯವಂತನಾದ ಮನುಷ್ಯ ಗಂಟೆಗಟ್ಟಲೆ ಸತತವಾಗಿ ತುಳಿಯಬಲ್ಲದ್ದು ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಪಾಲು. ಎಂದರೆ ಎಂಬತ್ತು ಆಳಿನ ಕಸುವು ಎಪ್ಪತ್ತೈದು ಸಾವಿರಕ್ಕೆ ಸಿಗುತ್ತಿರುವಾಗ, ಒಬ್ಬ ಆಳಿನ ಕಸುವನ್ನೇ ಬೇಡುವ ಯಂತ್ರಕ್ಕೆ ಲಕ್ಷ ಕೊಡುವುದು ಹುಚ್ಚೆಂದು ಯಾರಿಗಾದರೂ ತೋರುವುದು ಸಹಜವೇ.

ಆದರೆ ಫಟಫಟಿ ಇಷ್ಟು ಅಗ್ಗವಾದದ್ದು ಹೇಗೆಂಬುದನ್ನೂ ಕೇಳಬೇಕಲ್ಲವೇ? 1985ರಲ್ಲಿ ಹೀರೋ ಹೋಂಡಾ ಕಂಪನಿಯ ಸಿಡಿ 100 ಬರುವ ಮೊದಲು ಜಾವಾ, ರಾಜದೂತ, ಬುಲೆಟ್ಟು ಎಂದರೆ ಊರಿಗೊಂದೋ ಎರಡೋ. ಗೌಡರ ಮನೆಯಲ್ಲಿ ಅಥವಾ ಡಾಕ್ಟರರ ಮನೆಯಲ್ಲಿ. ಈಗ 2024-25ರ ಒಂದೇ ಆರ್ಥಿಕ ವರ್ಷದಲ್ಲಿ ನಮ್ಮ ದೇಶದೊಳಗೆ ಮಾರಾಟವಾದ ಮೋಟಾರು ದ್ವಿಚಕ್ರಗಳು 1 ಕೋಟಿ 96 ಲಕ್ಷದಷ್ಟು. ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ಇಟ್ಟಿಗೆ ಹೊಡೆದರೆ ಒಂದೊಂದಕ್ಕೆ ಬೀಳುವ ಖರ್ಚು ಎಷ್ಟು? ಬೆಲೆಬಾಳುವ ಸೈಕಲ್ಲು ಹಾಗಲ್ಲ. ಅದರ ಕಾರ್ಬನ್ ಚೌಕಟ್ಟನ್ನು ಬಟ್ಟೆಯಂಥ ಪದರಗಳನ್ನು ಅಂಟಿನೊಂದಿಗೆ ಅಚ್ಚಿನಲ್ಲಿ ಕೈಯಿಂದ ಒಂದರ ಮೇಲೊಂದು ಕೂರಿಸಿ, ಬಿಸಿಯಲ್ಲಿ ಗಟ್ಟಿ ಮಾಡಿ ತಯಾರಿಸುತ್ತಾರೆ. ಗಿರಾಕಿಗಳು ಕಡಿಮೆ, ಕೈಕೆಲಸ ಹೆಚ್ಚು, ಸಾಮಾನು ಪರದೇಶದ್ದು. ಬೆಲೆ ಏರಿದ್ದು ಈ ಕಾರಣದಿಂದ. ಸುಳ್ಳು ವ್ಯಾಪಾರವೇ ಇದೆಂದು ಹೇಳಲಾಗದು. ಆದರೆ ಮಾಡಲು ಖರ್ಚು ಬಿದ್ದ ಮಾತ್ರಕ್ಕೆ ಕೊಳ್ಳುವವನಿಗೆ ಉಪಯೋಗವೂ ಅಷ್ಟೇ ಬಿತ್ತೆಂದು ತಿಳಿಯಬಾರದು. ಎರಡೂ ಬೇರೆ ಬೇರೆ ಮಾತು.

ಇನ್ನು ಬೆಲೆಗೂ ವೆಚ್ಚಕ್ಕೂ ಇರುವ ಅಂತರ. ಎತ್ತು ಕೊಂಡವನು ಎತ್ತಿನ ಬೆಲೆಯನ್ನು ಒಮ್ಮೆ ಕೊಡುತ್ತಾನೆ, ಮೇವಿನ ಬೆಲೆಯನ್ನು ದಿನಾಲೂ ಕೊಡುತ್ತಾನೆ. ಫಟಫಟಿಯ ಮೇವನ್ನು ನಮ್ಮ ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ದಿನಕ್ಕೆ 20 ಕಿಲೋಮೀಟರು, ವರ್ಷಕ್ಕೆ 300 ದಿನ, ಒಟ್ಟು 6,000 ಕಿಲೋಮೀಟರು ಎಂದುಕೊಳ್ಳಿರಿ. ಲೀಟರಿಗೆ 60 ಕಿಲೋಮೀಟರು ಓಡಿದರೆ 100 ಲೀಟರು ಬೇಕು. ಲೀಟರಿಗೆ 105 ರೂಪಾಯಿ ಹಿಡಿದರೂ ಪೆಟ್ರೋಲಿಗೇ 10,500. ಎಣ್ಣೆ, ದುರಸ್ತಿ, ಟೈರು, ಚೇನು ಎಂದು ವರ್ಷಕ್ಕೆ ನಾಲ್ಕು ಸಾವಿರ. ನೋಂದಣಿ, ವಿಮೆ ಎಲ್ಲ ಸೇರಿ ತೊಂಬತ್ತು ಸಾವಿರಕ್ಕೆ ಮನೆಗೆ ಬಂದ ಗಾಡಿ ಎಂಟು ವರ್ಷ ಓಡಿ ಇಪ್ಪತ್ತಾರು ಸಾವಿರಕ್ಕೆ ಹೋಯಿತೆಂದರೆ ಸವಕಳಿ ವರ್ಷಕ್ಕೆ ಎಂಟು ಸಾವಿರ. ಎಲ್ಲ ಕೂಡಿಸಿದರೆ 22,500. ಕಿಲೋಮೀಟರಿಗೆ ಮೂರೂ ಮುಕ್ಕಾಲು ರೂಪಾಯಿ. ರಸ್ತೆಯ ದಂಡ, ತಲೆಗವಚ, ಅಪಘಾತದ ಆಸ್ಪತ್ರೆ ಇದರಲ್ಲಿ ಸೇರಿಲ್ಲ.

ಸಾಲ ಮಾಡಿ ಕೊಂಡವರದು ಇನ್ನೂ ಬೇರೆ. ಈ ಸಂಗತಿಯನ್ನು ನಮ್ಮ ರೈತ ಬಾಂಧವರು ಗಮನವಿಟ್ಟು ಓದಬೇಕೆಂದು ವಿನಂತಿ. "ಬರೀ ನೂರಕ್ಕೆ ಹತ್ತು ಬಡ್ಡಿ" ಎಂದು ಹೇಳಿ ಎಪ್ಪತ್ತು ಸಾವಿರ ಸಾಲ ಕೊಡುತ್ತಾರೆ. ಮೂರು ವರ್ಷದ ಬಡ್ಡಿ ಇಪ್ಪತ್ತೊಂದು ಸಾವಿರ. ಅಸಲು ಸೇರಿ 91,000. ತಿಂಗಳಿಗೆ 2,528ರಂತೆ ಮೂವತ್ತಾರು ಕಂತು. ನಮಗೆ ಸರಳ ಬಡ್ಡಿಯೇ ಎನಿಸುತ್ತದೆ. ಆದರೆ ಪ್ರತಿ ತಿಂಗಳು ಅಸಲಿನ ಒಂದು ಭಾಗವನ್ನು ನಾವು ತಿರುಗಿ ಕೊಡುತ್ತಲೇ ಇರುವಾಗ, ಬಡ್ಡಿಯನ್ನು ಮಾತ್ರ ಮೂರು ವರ್ಷವೂ ಪೂರ್ತಿ ಎಪ್ಪತ್ತು ಸಾವಿರದ ಮೇಲೆ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ನೂರಕ್ಕೆ ಸುಮಾರು ಹದಿನೆಂಟು ಬೀಳುತ್ತದೆ. ಸಾಲ ಕೊಡುವವರನ್ನು "ಇಳಿಯುವ ಬಾಕಿಯ ಮೇಲೆ ಬಡ್ಡಿ ಎಷ್ಟು?" ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಸಹಿ ಮಾಡುವುದು ಒಳ್ಳೆಯದು. ಜೋಳ, ತೊಗರಿ ಕೈಗೆ ಬರುವುದು ವರ್ಷಕ್ಕೊಮ್ಮೆ. ಕಂತು ಬರುವುದು ತಿಂಗಳಿಗೊಮ್ಮೆ. ನಮ್ಮ ಮನೆಗಳಲ್ಲಿ ಮಾಡಿನ ಹತ್ತಿ, ತಾಳಿಯ ಗುಂಡು ಅಡವಿಗೆ ಹೋಗುವುದು ಬಿತ್ತನೆಯ ಕಾಲಕ್ಕೆ ಮಾತ್ರ ಎಂಬ ಕಾಲ ಹೋಯಿತು.

ಲಕ್ಷದ ಸೈಕಲ್ಲನ್ನೂ ಇದೇ ರೀತಿ ಲೆಕ್ಕ ಮಾಡೋಣ. ಹತ್ತು ವರ್ಷ ಬಾಳಿ, ಕೊನೆಗೆ ಏನೂ ಬರದೆ ಹೋಯಿತೆಂದೇ ಇಟ್ಟುಕೊಳ್ಳಿರಿ. ಸವಕಳಿ ವರ್ಷಕ್ಕೆ ಹತ್ತು ಸಾವಿರ. ಅದರ ಟೈರು, ಚೇನು ಎಲ್ಲವೂ ದುಬಾರಿ. ವರ್ಷಕ್ಕೆ ಆರು ಸಾವಿರ. ಒಟ್ಟು ಹದಿನಾರು ಸಾವಿರ. ಅದೇ 6,000 ಕಿಲೋಮೀಟರು ತುಳಿದರೆ ಕಿಲೋಮೀಟರಿಗೆ ಎರಡು ರೂಪಾಯಿ ಎಪ್ಪತ್ತು ಪೈಸೆಯ ಒಳಗೇ ಬರುತ್ತದೆ. ಕೊಳ್ಳುವ ದಿನ ದುಬಾರಿಯೆನಿಸಿದ ಸೈಕಲ್ಲು ವರ್ಷದ ಕೊನೆಗೆ ಫಟಫಟಿಗಿಂತ ಅಗ್ಗವಾಯಿತು! ಪುಣೆಯ ಹುಡುಗರು ಕಾಕಾನಿಗೆ ಹೇಳಬಹುದಾಗಿದ್ದ ಉತ್ತರ ಇದೇ. ಅದರ ಪೆಟ್ರೋಲು ಜೋಳದ ರೊಟ್ಟಿ. ಅದನ್ನು ಹೇಗೂ ಮನೆಯವರು ಬಡಿದಿರುತ್ತಾರೆ.

ಹಾಗೆಂದು ಹುಡುಗರು ಗೆದ್ದರೆಂದು ತಿಳಿಯಬೇಡಿರಿ. ಲೆಕ್ಕದಲ್ಲಿ 6,000 ಕಿಲೋಮೀಟರು ಬರೆಯುವುದು ಸುಲಭ; ಜ್ಯೇಷ್ಠದ ಗಾಳಿಗೆ ಎದುರಾಗಿ ಅಷ್ಟು ತುಳಿಯುವವರು ಯಾರು? ಅಲ್ಲದೆ ಫಟಫಟಿ ಮಾಡುವ ಕೆಲಸವನ್ನು ಎಷ್ಟೇ ಬೆಲೆಯ ಸೈಕಲ್ಲೂ ಮಾಡಲಾರದು. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಮಧ್ಯರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆಯ ಬೇನೆ ಹತ್ತಿದರೆ, ಹೊಲದಲ್ಲಿ ಹಾವು ಕಡಿದರೆ, ಬಾಡಿಗೆ ವಾಹನ ಬರುವ ತನಕ ಕಾಯಲಾಗದಿದ್ದರೆ ಮನೆಯ ಮುಂದೆ ನಿಂತ ಫಟಫಟಿಯೇ ದೇವರು. ನಸುಕಿನಲ್ಲಿ ಕಾಯಿಪಲ್ಯ ಪೇಟೆ ಮುಟ್ಟಬೇಕು, ಹಾಲಿನ ಕ್ಯಾನು ಹೊತ್ತಿಗೆ ಸರಿಯಾಗಿ ಡೇರಿಗೆ ಮುಟ್ಟಬೇಕು, ನಲವತ್ತೈದು ಕಿಲೋದ ಯೂರಿಯಾ ಚೀಲ ಹೊಲ ಮುಟ್ಟಬೇಕು. ಲಕ್ಷದ ಸೈಕಲ್ಲಿಗೆ ಹಿಂದೆ ಕ್ಯಾರಿಯರು ಇರುವುದಿಲ್ಲ, ಸ್ಟ್ಯಾಂಡು ಇರುವುದಿಲ್ಲ, ಕೆಸರು ತಡೆಯುವ ಮಡ್‌ಗಾರ್ಡೂ ಇರುವುದಿಲ್ಲ. ಬಲು ಬೆಲೆಯ ಕೆಲವು ಸೈಕಲ್ಲುಗಳಿಗೆ ಪೆಡ್ಲುಗಳನ್ನು ಕೂಡ ಬೇರೆ ಕೊಳ್ಳಬೇಕಂತೆ ಎಂದಾಗ ನಮ್ಮ ಶಾಲೆಯ ಜವಾನರು ನಂಬಲೇ ಇಲ್ಲ. ಆದರೆ ಅದು ನಿಜವಾದ ಮಾತು.

ಹಾಗಾದರೆ ಲಕ್ಷದ ಸೈಕಲ್ಲನ್ನು ಯಾವುದರೊಡನೆ ತೂಗಬೇಕು? ಆರೇಳು ಸಾವಿರ ರೂಪಾಯಿಯ ನಮ್ಮ ಕರಿಯ ಸೈಕಲ್ಲಿನೊಡನೆಯೇ ತೂಗಬೇಕು. ಎರಡೂ ಒಂದೇ ಜಾತಿಯವು. ಎರಡಕ್ಕೂ ತುಳಿಯುವವನ ಕಾಲೇ ಎಂಜಿನ್ನು. ಹೆಚ್ಚಿಗೆ ಕೊಟ್ಟ ತೊಂಬತ್ತಮೂರು ಸಾವಿರಕ್ಕೆ ಏನು ಬಂತೆಂದು ಕೇಳಬೇಕಾದದ್ದು ಇಲ್ಲಿ.

ಬಂದದ್ದು ಮುಖ್ಯವಾಗಿ ಹತ್ತು ಕಿಲೋ ತೂಕದ ಇಳಿಕೆ. ಕರಿಯ ಸೈಕಲ್ಲು ಇಪ್ಪತ್ತು ಕಿಲೋ. ತುಳಿಯುವವನು ಅರವತ್ತು ಕಿಲೋ, ಹಿಂದೆ ಕಟ್ಟಿದ ಬುತ್ತಿ, ಬೀಜ, ಕಸಬರಿಗೆ, ಹಗ್ಗ ಎಂದು ಇಪ್ಪತ್ತು ಕಿಲೋ, ಒಟ್ಟು ನೂರು. ಲಕ್ಷದ ಸೈಕಲ್ಲಾದರೆ ಒಟ್ಟು ತೊಂಬತ್ತು. ನಮ್ಮ ಬಯಲು ನೆಲದಲ್ಲಿ ಸಾವಕಾಶ ಹೋಗುವಾಗ ನೆಲದ ತಡೆಯಲ್ಲಿ ಕಡಿಮೆಯಾದದ್ದು ನೂರಕ್ಕೆ ಹತ್ತು. ಗಾಳಿಯ ತಡೆಯಂತೂ ಹೆಚ್ಚಾಗಿ ಸವಾರನ ಮೈಯಿಂದ ಆಗುವುದೇ ಹೊರತು ಸೈಕಲ್ಲಿನಿಂದಲ್ಲ. ಬೇಗ ಹೋದಷ್ಟೂ ಆ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಪಟಕ ಬಿಗಿಯಾಗಿ ಸುತ್ತಿ, ಧೋತರದ ಚುಂಗು ಹಾರದಂತೆ ಕಟ್ಟಿ, ಸ್ವಲ್ಪ ಮುಂದೆ ಬಾಗಿ ತುಳಿದವನಿಗೆ ದುಡ್ಡಿಲ್ಲದೆ ಲಾಭ. ಇನ್ನು ಹತ್ತು ಪಾಲು ಹಗುರವಾಗುವ ಬೇರೊಂದು ಉಪಾಯವುಂಟು. ನಮ್ಮೂರಿನ ಹತ್ತು ಸೈಕಲ್ಲುಗಳ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿರಿ, ಎಂಟಾದರೂ ಮೆತ್ತಗಿರುತ್ತವೆ. ಚೇನು ಕೆಂಪಗೆ ಜಂಗು ತಿಂದಿರುತ್ತದೆ. ಗಾಳಿ ಗಟ್ಟಿಯಾಗಿ ತುಂಬಿ, ಚೇನನ್ನು ಚಿಮಣಿ ಎಣ್ಣೆಯಿಂದ ತೊಳೆದು ಒರೆಸಿ, ಕೊಂಡಿಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟರೆ ಆಗುವ ಹಗುರು ತೊಂಬತ್ತು ಸಾವಿರ ಕೊಟ್ಟು ತರುವ ಹಗುರಿಗಿಂತ ಕಡಿಮೆಯದೇನೂ ಅಲ್ಲ. ಹೊಲದ ಎಂಜಿನ್ನಿಗೆ ಎಣ್ಣೆ ಬಿಡುವವರು ಸೈಕಲ್ಲಿಗೆ ಯಾಕೆ ಬಿಡುವುದಿಲ್ಲವೋ ನಮಗೆ ತಿಳಿಯದು.

ನಮ್ಮ ನೆಲವನ್ನೂ ನೋಡಬೇಕು. ಬದುವಿನ ಮೇಲೆ, ದಾರಿಯ ಅಂಚಿನಲ್ಲಿ ನೆಗ್ಗಿಲ ಮುಳ್ಳು. ಹಳ್ಳದ ದಂಡೆಗೆ ಜಾಲಿ. ಓಟದ ಸೈಕಲ್ಲಿನ ತೆಳುವಾದ ಟೈರು ಡಾಂಬರು ರಸ್ತೆಗೆ ಹೇಳಿ ಮಾಡಿಸಿದ್ದು; ವಸ್ತಿಯ ದಾರಿಯಲ್ಲಿ ನೆಗ್ಗಿಲು ಅದನ್ನು ಉಳಿಸುವುದಿಲ್ಲ. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಯಲ್ಲಿ ಹೋದವರಿಗೆ ಗೊತ್ತು, ಗಾಲಿಗೂ ಫೋರ್ಕಿಗೂ ನಡುವೆ ಮಣ್ಣು ಹಿಟ್ಟಿನಂತೆ ತುಂಬಿ ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಆಗ ಕರಿಯ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುವುದು, ಫಟಫಟಿಯನ್ನು ಅಲ್ಲೇ ಬಿಟ್ಟು ನಡೆಯುವುದು. (ಹೊರುವ ಈ ಒಂದು ಕೆಲಸಕ್ಕೆ ಮಾತ್ರ ಹತ್ತು ಕಿಲೋದ ಸೈಕಲ್ಲು ಒಳ್ಳೆಯದೆಂದು ಒಪ್ಪುತ್ತೇವೆ.) ಹನ್ನೊಂದು ಹಲ್ಲುಗಾಲಿಯ ಗೇರಿನ ಸಂದಿನಲ್ಲಿ ಆ ಮಣ್ಣು ಹೊಕ್ಕರೆ ಏನಾಗುವುದೆಂದು ಊಹಿಸಿಕೊಳ್ಳಿರಿ.

ದುರಸ್ತಿಯ ಮಾತೂ ಹಾಗೆಯೇ. ಕಬ್ಬಿಣದ ಚೌಕಟ್ಟು ಮುರಿದರೆ ಕೂರಿಗೆ ಬೆಸೆಯುವವನೇ ಅರ್ಧ ಗಂಟೆಯಲ್ಲಿ ಬೆಸೆದು ಕೊಡುತ್ತಾನೆ. ಕಡ್ಡಿ ಮುರಿದರೆ ಸಂತೆಯಲ್ಲಿ ಸಿಗುತ್ತದೆ; ಛರ್ರಾ ಸವೆದರೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಹೊಸದು. ಕಾರ್ಬನ್ ಚೌಕಟ್ಟು ಬಿರುಕು ಬಿಟ್ಟರೆ ಅದನ್ನು ಸರಿಪಡಿಸುವ ಕೈ ದೊಡ್ಡ ನಗರದಲ್ಲಷ್ಟೇ ಉಂಟು. ಬಿರುಕು ಕಣ್ಣಿಗೆ ಬೀಳುವುದೂ ಕಷ್ಟ.

ಹಾಗಾದರೆ ಸೈಕಲ್ಲಿಗೆ ಹೆಚ್ಚು ಕೊಡುವುದೇ ವ್ಯರ್ಥವೋ? ಅಲ್ಲ. ಏಳು ಸಾವಿರದಿಂದ ಹನ್ನೆರಡು-ಹದಿನೈದು ಸಾವಿರದ ತನಕ ಕೊಡುವ ರೊಕ್ಕಕ್ಕೆ ತಕ್ಕ ಫಲವಿದೆ. ಕಬ್ಬಿಣದ ರಿಮ್ಮು ಮಳೆಯಲ್ಲಿ ತೊಯ್ದರೆ ಬ್ರೇಕು ಹಿಡಿಯುವುದಿಲ್ಲ. ಅಲ್ಯುಮಿನಿಯಂ ಮಿಶ್ರಲೋಹದ ರಿಮ್ಮಿಗೆ ಚೆನ್ನಾಗಿ ಹಿಡಿಯುತ್ತದೆ. ದಪ್ಪ ಟೈರು, ಧೂಳು ಹೋಗದಂತೆ ಮುಚ್ಚಿದ ಬೇರಿಂಗು, ಒಳ್ಳೆಯ ಬ್ರೇಕು ಇವಕ್ಕೆ ಕೊಟ್ಟ ದುಡ್ಡು ಜೀವ ಕಾಯುವ ದುಡ್ಡು. ಗೇರು ನಮ್ಮ ಬಯಲಿಗೆ ಬೇಡ. ಆದರೆ ಕಾಸರಗೋಡಿನ ಗುಡ್ಡಗಳಲ್ಲಿ, ನೀಲಗಿರಿಯ ಏರುಗಳಲ್ಲಿ ಬಾಳುವ ನಮ್ಮ ಕನ್ನಡ ಬಂಧುಗಳಿಗೆ ಅದಿಲ್ಲದೆ ಸೈಕಲ್ಲು ತಳ್ಳುವ ವಸ್ತುವೇ ಆದೀತು. ಹದಿನೈದು ಸಾವಿರ ದಾಟಿದ ಮೇಲೆ ಒಂದೊಂದು ಸಾವಿರಕ್ಕೂ ಸಿಗುವ ಲಾಭ ಇಳಿಯುತ್ತ ಹೋಗುತ್ತದೆ. ಅರ್ಧ ಕಿಲೋ ಹಗುರಾಗಲು ಹತ್ತು ಸಾವಿರ, ಇಪ್ಪತ್ತು ಸಾವಿರ ಸುರಿಯುವ ಸ್ಥಿತಿ ಬರುತ್ತದೆ. ಗೊಬ್ಬರದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯ ಚೀಲಕ್ಕೆ ಬೆಳೆ ಏಳುತ್ತದೆ, ಐದನೆಯ ಚೀಲ ಮಳೆನೀರಿನೊಡನೆ ಹಳ್ಳ ಸೇರುತ್ತದೆ.

ಬ್ಯಾಟರಿ ಸೈಕಲ್ಲಿನ ಬಗ್ಗೆ ಕೆಲವರು ಕೇಳುತ್ತಾರೆ. 250 ವ್ಯಾಟಿನ ಒಳಗಿನ, ಗಂಟೆಗೆ 25 ಕಿಲೋಮೀಟರಿನ ಒಳಗೆ ಓಡುವ ಗಾಡಿಗಳಿಗೆ ನೋಂದಣಿ ಬೇಕಿಲ್ಲವೆಂಬುದು ಅನುಕೂಲ. ಬ್ಯಾಟರಿ ಸತ್ತ ಮೇಲೆ ಹೊಸದಕ್ಕೆ ಎಷ್ಟು, ಅದನ್ನು ಕೊಡುವವರು ಹತ್ತಿರ ಯಾರಿದ್ದಾರೆ ಎಂದು ಕೊಳ್ಳುವ ಮೊದಲೇ ವಿಚಾರಿಸಿರಿ. ಇಷ್ಟೇ ಸಾಕು.

ಇಲ್ಲಿ ಒಂದು ಪ್ರತ್ಯೇಕ ಪಂಗಡವನ್ನು ಬಿಟ್ಟು ಹೇಳಬೇಕು. ನಮ್ಮ ಗಡಿಯಾಚೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಒಕ್ಕಲಿಗರ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಆ ಕಡೆ ಜಾತ್ರೆಗಳಲ್ಲಿ ಸೈಕಲ್ ಓಟಕ್ಕೆ ಬಹುಮಾನ ಕಟ್ಟುವ ರೂಢಿಯೂ ಉಂಟು. ಗಂಟೆಗೆ ನಲವತ್ತು ಕಿಲೋಮೀಟರು ತುಳಿಯುವ ಹುಡುಗನಿಗೆ, ಹುಡುಗಿಗೆ ನೂರಕ್ಕೆ ಒಂದು ಪಾಲು ಹಗುರವೂ ಗೆಲುವು ಸೋಲಿನ ಮಾತು. ಪಂದ್ಯದ ಸೈಕಲ್ಲು 6.8 ಕಿಲೋಕ್ಕಿಂತ ಹಗುರವಿರಬಾರದೆಂದು ಅಂತರರಾಷ್ಟ್ರೀಯ ಸಂಸ್ಥೆಯೇ ನಿಯಮ ಮಾಡಬೇಕಾಯಿತೆಂದರೆ ಪೈಪೋಟಿ ಎಷ್ಟೆಂದು ತಿಳಿಯಿರಿ. ಅಂಥ ಮಗುವಿಗೆ ಲಕ್ಷದ ಸೈಕಲ್ಲು ಒಕ್ಕಲಿಗನಿಗೆ ಕೂರಿಗೆ ಇದ್ದಂತೆ. ಅದನ್ನು ನೋಡಿ "ಫಟಫಟಿ ಬರ್ತಿತ್ತು" ಎನ್ನುವುದು ತಕ್ಕ ಮಾತಲ್ಲ.

ನಗುವ ಹಿರಿಯರಿಗೆ ಇನ್ನೊಂದು ಮಾತು ನೆನಪು ಮಾಡುತ್ತೇವೆ. ಜಾನುವಾರು ಪೇಟೆಯಲ್ಲಿ ಒಳ್ಳೆಯ ಖಿಲಾರಿ ಜೋಡಿಗೆ ಲಕ್ಷಗಟ್ಟಲೆ ಕೊಟ್ಟು ಬಂದವರು ನಮ್ಮಲ್ಲೇ ಇದ್ದಾರೆ. ಅದರ ಅರ್ಧ ಬೆಲೆಯ ಜೋಡಿಯೂ ಅಷ್ಟೇ ನೆಲ ಹೂಡುತ್ತದೆ. ಟ್ರ್ಯಾಕ್ಟರು ಬಾಡಿಗೆಗೆ ತಂದರೆ ಇನ್ನೂ ಬೇಗ. ಆದರೂ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಆ ಜೋಡಿಯನ್ನು ಕಾರಹುಣ್ಣಿಮೆಗೆ ಊರೊಳಗೆ ತರುವಾಗ ಯಾರೂ ಬೆಲೆಯ ಮಾತು ಎತ್ತುವುದಿಲ್ಲ. ದುಡಿದ ದುಡ್ಡಿನಲ್ಲಿ ಮನಸ್ಸಿಗೆ ಬೇಕಾದದ್ದನ್ನು ಸಾಲವಿಲ್ಲದೆ ಕೊಳ್ಳುವವನ ಖುಷಿಗೆ ನಾವು ಅಡ್ಡ ಬರುವವರಲ್ಲ. ಎತ್ತಾಗಲಿ ಸೈಕಲ್ಲಾಗಲಿ, ಸಾಲ ಮಾಡಿದನೆಂದರೆ ಆಗ ಬೈಯೋಣ.

ಈಗ ನಮ್ಮ ಮನಸ್ಸನ್ನು ನಿಜವಾಗಿ ಕೊರೆಯುತ್ತಿರುವ ಸಂಗತಿಗೆ ಬರುತ್ತೇವೆ. ಲಕ್ಷದ ಸೈಕಲ್ಲನ್ನು ನಮ್ಮೂರಿನಲ್ಲಿ ಕೊಳ್ಳುವವರು ಬಹುಶಃ ಯಾರೂ ಇಲ್ಲ. ಅದರ ಮೇಲಿನ ನಗೆಯ ನಡುವೆ ಏಳು ಸಾವಿರದ ಸೈಕಲ್ಲೇ ಮನೆಯಿಂದ ಹೊರಟುಹೋದದ್ದನ್ನು ಯಾರೂ ನೋಡಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿ ಸೈಕಲ್ಲಿನ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು: 1949ರಲ್ಲಿ ಮದ್ರಾಸಿನ ಟಿ.ಐ., 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ, ರೇಡಿಯೋ, ಸೈಕಲ್ಲು ಎಂಬ ಕಾಲವೊಂದಿತ್ತು. 2020ರ ಜೂನ್ 3ರಂದು, ಜಾಗತಿಕ ಸೈಕಲ್ ದಿನವೆಂದು ಆಚರಿಸುವ ದಿನವೇ, ಅಟ್ಲಾಸಿನ ಸಾಹಿಬಾಬಾದ ಕಾರ್ಖಾನೆಯ ಕೆಲಸ ನಿಂತಿತು. ಈಗ ಅಳಿಯ ಬೇಡುವುದು ಫಟಫಟಿಯನ್ನು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯನ್ನು ಫಟಫಟಿಗೆ ನೂರಕ್ಕೆ 28ರಿಂದ 18ಕ್ಕೂ ಸೈಕಲ್ಲಿಗೆ 12ರಿಂದ 5ಕ್ಕೂ ಇಳಿಸಿದ್ದಾರೆ. ಕಟ್ಟೆಯ ಮೇಲೆ ಸುದ್ದಿಯಾದದ್ದು ಮೊದಲನೆಯದು ಮಾತ್ರ.

ಮನೆಗೆ ಫಟಫಟಿ ಬಂದ ದಿನ ಹಳೆಯ ಸೈಕಲ್ಲು ಗುಜರಿಗೆ ಹೋಗುತ್ತದೆ. ಫಟಫಟಿ ಮನೆಯ ಒಬ್ಬ ಗಂಡಸಿನದು. ಅವನು ಪೇಟೆಗೆ ಹೋದಾಗ ಅದೂ ಪೇಟೆಗೆ ಹೋಯಿತು. ಹೆಂಡತಿ ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಾಳೆ. ಮಗಳು ವಸ್ತಿಯಿಂದ ಮೂರು ನಾಲ್ಕು ಕಿಲೋಮೀಟರು ಶಾಲೆಗೆ ನಡೆಯುತ್ತಾಳೆ. ಮೊದಲು ಅದೇ ಸೈಕಲ್ಲನ್ನು ಬೆಳಗ್ಗೆ ಮಗ, ಮಧ್ಯಾಹ್ನ ತಂದೆ, ಸಂಜೆ ಅಣ್ಣನ ಮಕ್ಕಳು ತುಳಿಯುತ್ತಿದ್ದರು. ನಮ್ಮ ಕನ್ನಡ ಶಾಲೆಗಳ ಸ್ಥಿತಿ ಓದುಗರಿಗೆ ಗೊತ್ತೇ ಇದೆ. ನಾಲ್ಕನೆಯ ಇಯತ್ತೆಯೋ ಏಳನೆಯ ಇಯತ್ತೆಯೋ ಊರಲ್ಲಿ ಮುಗಿದ ಮೇಲೆ ಮುಂದಿನ ಕನ್ನಡ ಶಾಲೆಗೆ ದೂರದ ಊರಿಗೆ ಹೋಗಬೇಕು. ಗಂಡುಮಕ್ಕಳು ಯಾರದೋ ಗಾಡಿಯ ಹಿಂದೆ ಕೂತು ಹೋಗುತ್ತಾರೆ. ಹೆಣ್ಣುಮಕ್ಕಳ ಹೆಸರು ಎಂಟನೆಯ ಇಯತ್ತೆಯ ಹಾಜರಿ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾರಣ ಕೇಳಿದರೆ "ದೂರ ಆಗ್ತದ ಸರ್" ಎನ್ನುತ್ತಾರೆ. ಮನೆಯ ಮುಂದೆ ತೊಂಬತ್ತು ಸಾವಿರದ ಗಾಡಿ ನಿಂತಿರುತ್ತದೆ. ಅದರ ಬೆಲೆಯಲ್ಲಿ ಹನ್ನೆರಡು ಹುಡುಗಿಯರಿಗೆ ಸೈಕಲ್ಲು ಬರುತ್ತಿತ್ತು.

ಇದು ಬರೀ ನಮ್ಮ ಕಳವಳದ ಮಾತಲ್ಲ. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಡತೊಡಗಿದರು. ಅದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ: ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತು, ಅದೂ ಹೆಚ್ಚಾಗಿ ಶಾಲೆ ದೂರವಿದ್ದ ಹಳ್ಳಿಗಳಲ್ಲಿ. ಕರ್ನಾಟಕದಲ್ಲಿಯೂ 2006-07ರಿಂದ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡುವ ಯೋಜನೆ ನಡೆದು, ಕೊರೊನಾದ ವರ್ಷಗಳಲ್ಲಿ ನಿಂತಿತು. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರ ಸಾಕ್ಷರತಾ ಆಂದೋಲನ ನಡೆದಾಗ ಅಕ್ಷರದ ಜತೆಗೆ ಸೈಕಲ್ಲನ್ನೂ ಕಲಿಸಿದರು. ಹೊಲದಲ್ಲಿ, ಕಲ್ಲುಗಣಿಯಲ್ಲಿ ದುಡಿಯುವ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತು, ನೀರಿಗೂ ಸಂತೆಗೂ ಯಾರನ್ನೂ ಕಾಯದೆ ತಾವೇ ಹೋಗತೊಡಗಿದರು. ಸರ್ಕಾರ ಕೊಡಲೆಂದು ಕಾಯುವ ವಸ್ತು ಇದಲ್ಲ. ಏಳು ಸಾವಿರ ಇಂದು ಒಂದು ಮೊಬೈಲಿನ ಬೆಲೆ.

ಇದರ ಬದಲು ನಡೆಯುತ್ತಿರುವುದೇನು? ಹದಿನಾಲ್ಕು ವರ್ಷದ ಹುಡುಗನ ಕೈಗೆ ತಂದೆ ಫಟಫಟಿಯ ಕೀಲಿ ಕೊಟ್ಟು, ಮಗ ಗಾಡಿ ಹೊಡೆಯುವುದನ್ನು ನಾಲ್ಕು ಜನರಿಗೆ ತೋರಿಸುತ್ತಾನೆ. 2019ರ ತಿದ್ದುಪಡಿಯಾದ ಮೋಟಾರು ಕಾನೂನಿನ ಪ್ರಕಾರ ಅದಕ್ಕೆ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಸೆರೆಮನೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ದಂಡದ ಭಯ ಒತ್ತಟ್ಟಿಗಿರಲಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ಮೋಟಾರು ದ್ವಿಚಕ್ರದ ಮೇಲಿದ್ದವರು. ಮಗನಿಗೆ ಸೈಕಲ್ಲು ಕೊಡಿಸಲು ನಾಚುವ ತಂದೆ ಈ ಅಂಕಿಯನ್ನು ಒಮ್ಮೆ ಓದಿಕೊಳ್ಳಲಿ.

ಫಟಫಟಿ ಇದ್ದವರೂ ಸೈಕಲ್ಲನ್ನು ಇಟ್ಟುಕೊಳ್ಳಬೇಕೆನ್ನುವುದಕ್ಕೆ ಲೆಕ್ಕದ ಆಧಾರವೂ ಉಂಟು. ಹೊಲ ಎರಡು ಕಿಲೋಮೀಟರು. ಹೋಗಿ ಬರಲು ನಾಲ್ಕು. ವರ್ಷಕ್ಕೆ 1,200 ಕಿಲೋಮೀಟರು. ಪೆಟ್ರೋಲೇ 2,100 ರೂಪಾಯಿ, ಸವೆಯುವ ಎಣ್ಣೆ, ಟೈರು ಬೇರೆ. ಆ ಓಡಾಟವನ್ನಷ್ಟೇ ಸೈಕಲ್ಲಿನಲ್ಲಿ ಮಾಡಿದರೆ ಮೂರು ವರ್ಷದಲ್ಲಿ ಸೈಕಲ್ಲಿನ ಬೆಲೆ ತಿರುಗಿ ಬರುತ್ತದೆ. ಸಕ್ಕರೆ ರೋಗಕ್ಕೆ ದಿನಾಲೂ ನಡೆಯಿರೆಂದು ಡಾಕ್ಟರರಿಂದ ಹೇಳಿಸಿಕೊಂಡು, ಅವರ ದವಾಖಾನೆಯಿಂದ ಮನೆಗೆ ಗಾಡಿಯಲ್ಲೇ ಬರುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ.

ಮಗಳಿಗೋ ಮಗನಿಗೋ ಸೈಕಲ್ಲು ಕೊಳ್ಳಲು ಹೊರಟವರಿಗೆ ನಮ್ಮ ಅನುಭವದ ನಾಲ್ಕು ಮಾತು. "ಬೆಳೆಯೋ ಮಗು, ಮುಂದ ಆಗ್ತದ" ಎಂದು ದೊಡ್ಡ ಸೈಕಲ್ಲು ತರಬೇಡಿರಿ; ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ತುದಿ ನೆಲ ಮುಟ್ಟಬೇಕು. ಹಳೆಯದನ್ನು ಕೊಳ್ಳುವುದಾದರೆ ಮುಂದಿನ ಗಾಲಿಯನ್ನು ಎತ್ತಿ ತಿರುಗಿಸಿ, ಗಾಲಿ ಓಲಾಡುವುದೇ ನೋಡಿರಿ. ಪೆಡ್ಲಿನ ದಂಡವನ್ನು ಅಡ್ಡ ಅಲುಗಿಸಿ ಸಡಿಲವಿದೆಯೇ ನೋಡಿರಿ. ಹ್ಯಾಂಡಲ್ಲಿನ ಕೆಳಗೆ ಚೌಕಟ್ಟಿನ ಬೆಸುಗೆಯಲ್ಲಿ ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಎರಡೂ ಬ್ರೇಕು ಹಿಡಿಯಬೇಕು. ಹಿಂದೆ ಕೆಂಪು ಹೊಳಪಿನ ಬಿಲ್ಲೆ ಇರಬೇಕು. ಸುಗ್ಗಿಯ ಕಾಲದಲ್ಲಿ ಕಬ್ಬಿನ ಗಾಡಿಗಳು ಕತ್ತಲೆಯಲ್ಲಿ ಓಡಾಡುತ್ತವೆ. ಕ್ಯಾರಿಯರು, ಸ್ಟ್ಯಾಂಡು, ಮಡ್‌ಗಾರ್ಡು, ಬೀಗ ಇವು ಬೆಲೆಯಲ್ಲಿ ಸೇರಿವೆಯೋ ಎಂದು ಮೊದಲೇ ಕೇಳಿರಿ. ಹುಡುಗಿಗೆ ಪಂಕ್ಚರು ಹಚ್ಚುವುದನ್ನೂ ಕಲಿಸಿರಿ. ಒಂದು ಡಬ್ಬಿ ಸೊಲ್ಯೂಶನ್ನು, ಉಸುಕಿನ ಕಾಗದ, ಹಳೆಯ ಟ್ಯೂಬಿನ ಎರಡು ತುಂಡು, ಟೈರು ಎಬ್ಬಿಸಲು ಎರಡು ಚಮಚ, ಒಂದು ಚಿಕ್ಕ ಪಂಪು ಪಾಟಿಚೀಲದಲ್ಲಿ ಹಿಡಿಯುತ್ತವೆ. ಟೈರು ಬಿಚ್ಚಿದಾಗ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಬೇಕು. ನೆಗ್ಗಿಲ ಮುಳ್ಳು ಅಲ್ಲೇ ಉಳಿದಿದ್ದರೆ ಶಾಲೆ ಮುಟ್ಟುವುದರೊಳಗೆ ಮತ್ತೆ ಗಾಳಿ ಹೋಗುತ್ತದೆ.